ಗಟ್ಟಿ ಕಾಫಿಗೆ ಸಣ್ಣ ಉರಿ

ಮರಿ, ನೀನು ತಂದಿಟ್ಟುಕೊಂಡಿರುವ ಆ ಎಂಟು ಮೂಲೆಯ ಇಟಲಿ ಪಾತ್ರೆಯ ಮೇಲೆ ನನಗೇನೂ ಸಿಟ್ಟಿಲ್ಲ. ವೆಸ್ಟ್ ಮಾಂಬಲಂ ಅತ್ತೆಗೆ ಹಿತ್ತಾಳೆ ಫಿಲ್ಟರ್ ಬಿಟ್ಟರೆ ಬೇರೆ ದೇವರಿಲ್ಲ ಅಂತ ನಿಮ್ಮಪ್ಪ ಹೇಳಿರುತ್ತಾನೆ. ಅವನ ಮಾತು ಬಿಡು. ಮದ್ರಾಸಿನ ಓಎಮ್ಆರ್‌ನಲ್ಲಿ ಒಂದು ರೂಮು, ಒಂದು ಒಲೆ, ಬೆಳಿಗ್ಗೆ ಏಳೂವರೆಗೆ ಆಫೀಸಿನ ಬಸ್ಸು ಅಂತಿರುವ ಹುಡುಗನಿಗೆ ಐದು ನಿಮಿಷದಲ್ಲಿ ಡಿಕಾಕ್ಷನ್ ಕೊಡುವ ಪಾತ್ರೆ ಸಿಕ್ಕರೆ ಬೇಡ ಅನ್ನುವವರು ಯಾರು? ಆದರೆ ಫೋನಿನಲ್ಲಿ ನೀನು ಹೇಳಿದ ದೂರಿಗೆ ಉತ್ತರ ಕೊಡದೆ ಬಿಡಲಾರೆ. ಕಾಫಿ ಕಪ್ಪಗೆ ಬರುತ್ತದೆ, ಕಹಿ ಬರುತ್ತದೆ, ಗಟ್ಟಿ ಮಾತ್ರ ಬರುವುದಿಲ್ಲ ಅಂದೆ. ಅದಕ್ಕೇ ಉರಿ ಜಾಸ್ತಿ ಮಾಡಿ, ಕೊನೆಯ ತೊಟ್ಟು ಮೇಲೇರುವ ತನಕ ಒಲೆಯ ಮೇಲೇ ಬಿಟ್ಟೆ ಅಂತಲೂ ಅಂದೆಯಲ್ಲ, ಎಡವಿದ್ದು ಅಲ್ಲೇ. ಗಟ್ಟಿತನ ಬರುವುದು ಪುಡಿಯಿಂದ. ಉರಿಯಿಂದ ಬರುವುದು ಕಹಿ.

ಆ ಪಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಅರ್ಧ ದಾರಿ ಸವೆದ ಹಾಗೆ. ಕೆಳಗಿನ ಭಾಗದಲ್ಲಿ ನೀರು, ನಡುವೆ ಕೊಳವೆಯಿರುವ ಜಾಲರಿ ಬಟ್ಟಲಿನಲ್ಲಿ ಪುಡಿ, ಮೇಲೆ ಖಾಲಿ ಹೂಜಿ. ನೀರು ಕಾದ ಹಾಗೆ ಅದರ ಮೇಲೆ ಸಿಕ್ಕಿಕೊಂಡ ಗಾಳಿ, ಹಬೆ ಹಿಗ್ಗುತ್ತವೆ. ಹೋಗಲು ಜಾಗವಿಲ್ಲ. ಹಾಗಾಗಿ ನೀರನ್ನೇ ಕೆಳಗೆ ಒತ್ತುತ್ತವೆ. ನೀರು ಕೊಳವೆ ಹಿಡಿದು ಮೇಲೆ ಹತ್ತಿ, ಪುಡಿಯೊಳಗೆ ನುಗ್ಗಿ, ಹೂಜಿಯ ಮಧ್ಯದ ಕಂಬದಿಂದ ಡಿಕಾಕ್ಷನ್ ಆಗಿ ಸುರಿಯುತ್ತದೆ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಪಾಡಿಗೆ ತಾನು ಕೆಳಗಿಳಿಯುತ್ತದೆ, ಇಲ್ಲಿ ಬಲವಂತವಾಗಿ ಮೇಲೇರುತ್ತದೆ, ಅಷ್ಟೇ ವ್ಯತ್ಯಾಸ. ಬಲವಂತ ಅಂದರೂ ಮಹಾ ಏನಲ್ಲ. ಕಾಫಿ ಅಂಗಡಿಗಳ ಎಸ್ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ಕಾಫಿ ಇಳಿಸಿದರೆ ನಿನ್ನ ಪಾತ್ರೆಯದು ಒಂದೂವರೆ ಬಾರ್ ಆಸುಪಾಸು. ಆದ್ದರಿಂದ ಜಾಹೀರಾತಿನ ಚಿತ್ರದಲ್ಲಿರುವ ಆ ಬಂಗಾರದ ಬಣ್ಣದ ನೊರೆ ಇದರಲ್ಲಿ ಬರಲಿಲ್ಲ ಅಂತ ಕೊರಗಬೇಡ. ನಮಗೆ ನೊರೆ ಬರಿಸಿಕೊಳ್ಳುವ ದಾರಿ ಬೇರೆ ಇದೆ, ಆಮೇಲೆ ಹೇಳುತ್ತೇನೆ.

ಈಗ ಒಲೆಯ ಮುಂದೆ ನಿಂತು ಮಾಡಬೇಕಾದ್ದು. ನೀರನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿಕೊಂಡೇ ಕೆಳಭಾಗಕ್ಕೆ ಹಾಕು. ತಣ್ಣೀರು ಹಾಕಿಟ್ಟರೆ ಅದು ಕಾಯುವ ಹೊತ್ತಿಗೆ ಲೋಹವೆಲ್ಲ ಕಾದು, ಮೇಲಿರುವ ಒಣ ಪುಡಿ ಸುಮ್ಮನೆ ಬೇಯುತ್ತದೆ. ತಣ್ಣೀರೇ ಸರಿ ಅನ್ನುವವರೂ ಇದ್ದಾರೆ, ನನಗೆ ಒಪ್ಪಿಗೆಯಿಲ್ಲ. ಪಾತ್ರೆಯ ಪಕ್ಕದಲ್ಲಿ ಒಂದು ಹಿತ್ತಾಳೆಯ ಗುಬಟು ಇದೆ ನೋಡು, ಅದು ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ನೀರು ಅದರ ಕೆಳಗೇ ನಿಲ್ಲಬೇಕು, ಅದನ್ನು ಮುಳುಗಿಸಬಾರದು. ಜಾಲರಿ ಬಟ್ಟಲಿಗೆ ಪುಡಿಯನ್ನು ತುಂಬ ತುಂಬಿಸಿ ಬೆರಳಿನಿಂದ ಮಟ್ಟ ಮಾಡು. ಒತ್ತಬೇಡ. ಫಿಲ್ಟರಿನಲ್ಲಿ ಬಿಲ್ಲೆ ಇಟ್ಟು ಒತ್ತಿ ಅಭ್ಯಾಸವಾದ ಕೈಗೆ ಇದು ಕಷ್ಟ, ಆದರೂ ಒತ್ತಬೇಡ. ಒತ್ತಿದರೆ ನೀರಿಗೆ ದಾರಿ ಸಿಗದೆ ಒತ್ತಡ ಏರುತ್ತದೆ, ಇಲ್ಲವೇ ಎಲ್ಲೋ ಒಂದು ಕಡೆ ಬಿರುಕು ಮಾಡಿಕೊಂಡು ಅಲ್ಲಿಂದಲೇ ನುಗ್ಗಿ, ಉಳಿದ ಪುಡಿಯ ಸತ್ವ ಬಿಡಿಸದೆ ಹೋಗುತ್ತದೆ. ಬಟ್ಟಲಿನ ಅಂಚಿಗೆ ಮೆತ್ತಿದ ಪುಡಿಯನ್ನು ಒರೆಸಿ ತೆಗೆ. ಅದು ಉಳಿದರೆ ರಬ್ಬರ್ ವಾಷರ್ ಸರಿಯಾಗಿ ಕೂರದೆ ಪಕ್ಕದಿಂದ ಹಬೆ ಸೋರುತ್ತದೆ. ಕೆಳಭಾಗವನ್ನು ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ತಿರುಗಿಸಿ ಮುಚ್ಚು. ಹಿಡಿ ಹಿಡಿದು ತಿರುಗಿಸಬೇಡ, ಅದು ಮುರಿಯುವುದೇ ಹಾಗೆ.

ಒಲೆಯ ಸಣ್ಣ ಬರ್ನರ್, ಉರಿ ಸಿಮ್. ಬೆಂಕಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ನೆಕ್ಕಬಾರದು. ಪ್ಲಾಸ್ಟಿಕ್ ಹಿಡಿ ಕರಗಿದ ಮೇಲೆ ಈ ಮಾತು ನೆನಪಾದರೆ ಪ್ರಯೋಜನವಿಲ್ಲ. ನಮ್ಮ ಒಲೆಗಳ ಕಂಬಿಗಳು ಅನ್ನದ ಪಾತ್ರೆಗೆ, ಕುಕ್ಕರಿಗೆ ಲೆಕ್ಕ ಹಾಕಿ ಮಾಡಿದವು. ನಿನ್ನ ಪುಟ್ಟ ಪಾತ್ರೆ ಅದರ ಮೇಲೆ ಓಲಾಡುತ್ತದೆ. ರಂಗನಾಥನ್ ಸ್ಟ್ರೀಟಿನಲ್ಲೋ ಪಾಂಡಿ ಬಜಾರಿನ ಪಾತ್ರೆ ಅಂಗಡಿಯಲ್ಲೋ ಒಲೆಯ ಮೇಲಿಡುವ ಸಣ್ಣ ಜಾಲರಿ ಕೇಳು, ಕೊಡುತ್ತಾರೆ. ಅದರ ಮೇಲಿಟ್ಟರೆ ಅಲ್ಲಾಡದೆ ನಿಲ್ಲುತ್ತದೆ. ನಿನ್ನ ರೂಮಿನಲ್ಲಿ ಇಂಡಕ್ಷನ್ ಒಲೆ ಇರುವುದಾದರೆ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಬಿಸಿಯಾಗುವುದೇ ಇಲ್ಲ. ಇಂಡಕ್ಷನ್‌ಗೆ ಆಗುವ ಸ್ಟೀಲಿನದ್ದು ತೆಗೆದುಕೊಳ್ಳಬೇಕು.

ಮುಚ್ಚಳ ತೆಗೆದಿಟ್ಟು ನೋಡುತ್ತಾ ನಿಲ್ಲು. ಈ ಎರಡು ನಿಮಿಷ ಫೋನು ನೋಡುವ ಹಾಗಿಲ್ಲ. ಮೊದಲು ಕಂಬದ ಬಾಯಲ್ಲಿ ಕಡುಗಂದು ಬಣ್ಣದ ತೊಟ್ಟುಗಳು ಕಾಣಿಸಿಕೊಳ್ಳುತ್ತವೆ, ಆಮೇಲೆ ಅವೇ ಕೂಡಿ ದಾರದಂತೆ ಇಳಿಯುತ್ತವೆ. ಸತ್ವವೆಲ್ಲ ಇರುವುದು ಇದರಲ್ಲಿ. ಸ್ವಲ್ಪ ಹೊತ್ತಿಗೆ ಬಣ್ಣ ತಿಳಿಯಾಗುತ್ತಾ ಬಂದು ಹಳದಿಗೆ ತಿರುಗುತ್ತದೆ, ಧಾರೆಯಲ್ಲಿ ಗುಳ್ಳೆ ಸೇರಿಕೊಳ್ಳುತ್ತದೆ. ಒಲೆ ಆರಿಸಬೇಕಾದ್ದು ಆಗಲೇ. ಗೊರಗೊರ ಸದ್ದು ಬರುವ ತನಕ ಕಾದೆಯೋ, ಕೆಟ್ಟಿತು. ಕೆಳಗೆ ನೀರು ಮುಗಿಯುತ್ತಾ ಬಂದು ಹಬೆಯೇ ಪುಡಿಯ ಮೂಲಕ ನುಗ್ಗುತ್ತಿದೆ ಅಂತ ಆ ಸದ್ದಿನ ಅರ್ಥ. ಒಳ್ಳೆಯದೆಲ್ಲ ಬಿಟ್ಟುಕೊಟ್ಟಾದ ಪುಡಿಯಿಂದ ಅದು ಹೊರಡಿಸುವುದು ಕಹಿ, ಒಗರು, ಸೀದ ವಾಸನೆ ಮಾತ್ರ. ಒಲೆ ಆರಿಸಿದ ಮೇಲೂ ಪಾತ್ರೆಯ ಕಾವಿಗೆ ಇನ್ನಷ್ಟು ಏರುತ್ತಲೇ ಇರುತ್ತದೆ. ಹಾಗಾಗಿ ಇಳಿಸಿದ ಕೂಡಲೇ ತಳವನ್ನು ಒದ್ದೆ ಬಟ್ಟೆಯ ಮೇಲಿಡು, ಇಲ್ಲ ನಲ್ಲಿ ನೀರಿಗೆ ಒಂದು ಕ್ಷಣ ಒಡ್ಡು, ನಿಂತುಬಿಡುತ್ತದೆ. ಕೆಳಗೆ ಒಂದೆರಡು ಚಮಚ ನೀರು ಉಳಿದಿದ್ದರೆ ಗಾಬರಿ ಬೇಡ, ಉಳಿಯಬೇಕು. ಪುಡಿಯೂ ತನ್ನ ತೂಕದ ಹತ್ತಿರ ಹತ್ತಿರ ಎರಡರಷ್ಟು ನೀರು ಕುಡಿದಿಟ್ಟುಕೊಳ್ಳುತ್ತದೆ. ದುಡ್ಡು ಕೊಟ್ಟು ತಂದ ಪುಡಿಯಿಂದ ಕೊನೆಯ ತೊಟ್ಟೂ ಹಿಂಡಬೇಕು ಅನ್ನುವ ಜಿಪುಣತನಕ್ಕೆ ಈ ಪಾತ್ರೆ ಒಗ್ಗುವುದಿಲ್ಲ. ಎರಡನೇ ಡಿಕಾಕ್ಷನ್ ಅನ್ನುವ ಮಾತನ್ನಂತೂ ಇಲ್ಲಿ ಎತ್ತಲೇಬೇಡ. ಫಿಲ್ಟರಿಗೆ ಇನ್ನೊಂದು ಸಲ ನೀರು ಹಾಕಿ ಮನೆಯ ಕೆಲಸದವರಿಗೆ, ಪಾಪ, ಅದನ್ನೇ ಬೆರೆಸಿ ಕೊಡುವ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿದ್ದವು. ಆ ಬುದ್ಧಿ ನಿನಗೆ ಬೇಡ.

ಈ ಪಾತ್ರೆ ಹುಟ್ಟಿದ್ದು 1933ರಲ್ಲಿ, ಉತ್ತರ ಇಟಲಿಯಲ್ಲಿ ಅಲ್ಯೂಮಿನಿಯಂ ಕೆಲಸದ ಕಾರ್ಖಾನೆ ಇಟ್ಟುಕೊಂಡಿದ್ದ ಅಲ್ಫೊನ್ಸೊ ಬಿಯಾಲೆಟ್ಟಿಯ ಹತ್ತಿರ. ಯುದ್ಧ ಮುಗಿದ ಮೇಲೆ ಅದನ್ನು ಮನೆಮನೆಗೆ ತಲುಪಿಸಿದವನು ಅವನ ಮಗ ರೆನಾಟೊ. 2016ರಲ್ಲಿ ರೆನಾಟೊ ತೀರಿಕೊಂಡಾಗ ಅವನ ಚಿತಾಭಸ್ಮವನ್ನು ಇದೇ ಆಕಾರದ ದೊಡ್ಡ ಪಾತ್ರೆಯಲ್ಲಿಟ್ಟು ಅಂತ್ಯಸಂಸ್ಕಾರ ಮಾಡಿದರಂತೆ. ಕಾಫಿಯ ಹುಚ್ಚು ನಮಗೊಬ್ಬರಿಗೇ ಅಂತ ಮೈಲಾಪುರದವರು ಜಂಬ ಕೊಚ್ಚಿಕೊಳ್ಳುವಾಗ ನಾನು ಈ ಕಥೆ ಹೇಳಿ ಬಾಯಿ ಮುಚ್ಚಿಸುತ್ತೇನೆ.

ಅಳತೆಯ ವಿಷಯ. ಡಬ್ಬದ ಮೇಲೆ ಮೂರು ಕಪ್ ಅಂತ ಬರೆದಿದೆ ಅಂತ ಮೂವರನ್ನು ಕಾಫಿಗೆ ಕರೆಯಬೇಡ. ಇಟಲಿಯವರ ಕಪ್ ಅಂದರೆ ಎರಡು ಗುಟುಕು. ಮೂರು ಕಪ್ಪಿನ ಪಾತ್ರೆಗೆ ಹೆಚ್ಚು ಕಡಿಮೆ 150 ಎಂಎಲ್ ನೀರು, 15ರಿಂದ 17 ಗ್ರಾಂ ಪುಡಿ ಹಿಡಿಸುತ್ತದೆ, ಇಳಿಯುವ ಡಿಕಾಕ್ಷನ್ ಸಣ್ಣ ಲೋಟದಷ್ಟು. ನಮ್ಮ ಹಾಲಿನ ಕಾಫಿಗೆ ಅದು ಎರಡು ಲೋಟಕ್ಕೆ ಸರಿ, ಅದಕ್ಕಿಂತ ಎಳೆದಾಡಬಾರದು. ಒಬ್ಬನೇ ಇದ್ದೇನೆ ಅಂತ ಬಟ್ಟಲಿಗೆ ಅರ್ಧ ಪುಡಿ ಹಾಕುವ ಹಾಗೂ ಇಲ್ಲ. ಪುಡಿ ಸಡಿಲವಾಗಿದ್ದರೆ ನೀರು ಏನೂ ಹಿಡಿದುಕೊಳ್ಳದೆ ಓಡಿಹೋಗುತ್ತದೆ. ಚಿಕ್ಕದು ಬೇಕಾದರೆ ಚಿಕ್ಕ ಪಾತ್ರೆಯನ್ನೇ ಕೊಳ್ಳಬೇಕು.

ಈಗ ಪುಡಿಗೆ ಬರುತ್ತೇನೆ. ನನ್ನ ಕಾಳಜಿ ಇರುವುದು ಇಲ್ಲೇ. ನೀನು ಸೂಪರ್ ಮಾರ್ಕೆಟ್ಟಿನಿಂದ ತಂದ ಪೊಟ್ಟಣದ ಹಿಂಬದಿ ಓದಿದ್ದೀಯಾ? ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿಯನ್ನು ನೂರಕ್ಕೆ 49ರ ತನಕ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ, ಎಷ್ಟು ಸೇರಿಸಿದ್ದಾರೆ ಅಂತ ಪೊಟ್ಟಣದ ಮೇಲೆ ಬರೆಯಬೇಕು ಅಷ್ಟೇ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ನಾನು ಚಿಕೋರಿಯ ವೈರಿಯಲ್ಲ. ಫಿಲ್ಟರಿನಲ್ಲಿ ಅದಕ್ಕೆ ಕೆಲಸ ಇದೆ: ನೀರನ್ನು ತಡೆದು ನಿಧಾನ ಮಾಡುತ್ತದೆ, ಬಣ್ಣ ಕೊಡುತ್ತದೆ, ಡಿಕಾಕ್ಷನ್‌ಗೆ ಮಂದ ತರುತ್ತದೆ. ಒತ್ತಡದ ಪಾತ್ರೆಯಲ್ಲಿ ಅದೇ ಗುಣ ದೋಷ. ನೀರು ತಾಕಿದ ಕೂಡಲೇ ಅಂಟಂಟಾಗಿ ಜಾಲರಿ ಕಟ್ಟುತ್ತದೆ, ಡಿಕಾಕ್ಷನ್ ತಿಣುಕುತ್ತಾ ತಿಣುಕುತ್ತಾ ಬರುತ್ತದೆ, ಅಷ್ಟು ಹೊತ್ತೂ ಕೆಳಗೆ ಕಾವು ಏರುತ್ತಲೇ ಇರುತ್ತದೆ. ಹಾಗಾಗಿ ಈ ಪಾತ್ರೆಗೆ ಚಿಕೋರಿ ಇಲ್ಲದ ಪುಡಿ. ಆ ಮಂದ ಇಲ್ಲದೆ ನಾಲಿಗೆ ಕೇಳುವುದೇ ಇಲ್ಲ ಅನ್ನುವುದಾದರೆ ನೂರಕ್ಕೆ ಹತ್ತು, ಅದಕ್ಕಿಂತ ಮೇಲೆ ಬೇಡ.

ಚಿಕೋರಿ ಬಿಟ್ಟರೆ ಗಟ್ಟಿತನ ಎಲ್ಲಿಂದ ಬರಬೇಕು ಅಂತೀಯಾ? ರೊಬಸ್ಟಾದಿಂದ. ಮಾಂಬಲಂ, ಮೈಲಾಪುರದ ಕಾಫಿ ಅಂಗಡಿಗಳಲ್ಲಿ ಎದುರಿಗೇ ಬೀಜ ಅಳೆದು ಅರೆದು ಕೊಡುತ್ತಾರೆ. ಅಲ್ಲಿ ಎಲ್ಲರೂ ಕೇಳುವುದು ಪ್ಲಾಂಟೇಷನ್ ಎ, ಪೀಬರಿ ಅರ್ಧರ್ಧ. ಪ್ಲಾಂಟೇಷನ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಅರೇಬಿಕಾ. ಪೀಬರಿ ಅಂದರೆ ಒಂದು ಹಣ್ಣಿನಲ್ಲಿ ಎರಡು ಬೀಜಕ್ಕೆ ಬದಲು ಒಂದೇ ಬೆಳೆದು ಗುಂಡಗಾದದ್ದು. ಎರಡರಲ್ಲೂ ಪರಿಮಳ ಚೆನ್ನಾಗಿರುತ್ತದೆ, ಆದರೆ ಹಾಲು ಬಿದ್ದ ಮೇಲೆ ಮೈ ಸಾಲದು. ನೀನು ಮುಕ್ಕಾಲು ಪಾಲು ಅರೇಬಿಕಾ, ಕಾಲು ಪಾಲು ರೊಬಸ್ಟಾ ಅಂತ ಹೇಳಿ ಬೆರೆಸಿಕೋ. ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು, ರುಚಿ ಒರಟು, ಆದರೆ ಹಾಲಿಗೆ ಎದುರು ನಿಲ್ಲುವ ಶಕ್ತಿ ಅದಕ್ಕಿದೆ. ಅದನ್ನು ನಮ್ಮ ಕೊಡಗಿನಲ್ಲಿ ಧಾರಾಳವಾಗಿ ಬೆಳೆಯುತ್ತಾರೆ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಕರ್ನಾಟಕದ್ದೇ ಅಂದಮೇಲೆ ಇಲ್ಲಿ ನೀನು ಕುಡಿಯುವುದು ಬಹುಮಟ್ಟಿಗೆ ಊರಿನದ್ದೇ. ತಮಿಳುನಾಡಿನದೇ ರುಚಿ ನೋಡಬೇಕು ಅನ್ನಿಸಿದರೆ ಏರ್ಕಾಡು, ನೀಲಗಿರಿ, ಪಳನಿ ಬೆಟ್ಟದ ಅರೇಬಿಕಾ ಕೇಳು, ಚೆನ್ನಾಗಿರುತ್ತದೆ.

ಹುರಿದದ್ದು ಹದವಾಗಿರಲಿ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜ ಈ ಪಾತ್ರೆಯಲ್ಲಿ ಬೂದಿಯ ರುಚಿ ಕೊಡುತ್ತದೆ. ಅರೆಯುವಾಗ ಫಿಲ್ಟರಿಗೆ ಅರೆಯುವ ಹದಕ್ಕಿಂತ ನುಣ್ಣಗೆ ಮಾಡಿಸಬೇಡ. ಬೆರಳಲ್ಲಿ ತಿಕ್ಕಿದರೆ ಪುಡಿ ಉಪ್ಪಿನ ತರಿ ತಾಕಬೇಕು, ಮೈದಾದಂತೆ ಮೆತ್ತಿಕೊಳ್ಳಬಾರದು. ಒಂದು ಸಲಕ್ಕೆ ನೂರು ಗ್ರಾಂ ಸಾಕು. ಈ ಊರಿನ ಸಮುದ್ರದ ಗಾಳಿಗೆ ಉಪ್ಪೇ ನೀರಾಗುತ್ತದೆ, ಕಾಫಿ ಪುಡಿ ತಡೆಯುತ್ತದೆಯೇ? ಅಂಗಡಿಯವನು ಕೊಟ್ಟ ಕವರಿನಲ್ಲೇ ಕ್ಲಿಪ್ ಹಾಕಿಡುವುದು ಬಿಟ್ಟು ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಸುರಿದಿಡು. ಫ್ರಿಜ್ಜಿನಲ್ಲಿಟ್ಟು ತೆಗೆದು, ಇಟ್ಟು ತೆಗೆದು ಮಾಡಿದರೆ ಪ್ರತಿ ಸಲ ಒಳಗೆ ನೀರು ಹನಿ ಕಟ್ಟುತ್ತದೆ.

ನೀರಿನ ಬಗ್ಗೆ ಮದ್ರಾಸಿನಲ್ಲಿ ಮಾತಾಡದೆ ಹೇಗೆ? ನಿಮ್ಮ ಓಎಮ್ಆರ್ ಕಡೆಯ ಬೋರ್ ನೀರು ಗಡಸು, ಎಷ್ಟೋ ಕಡೆ ಉಪ್ಪೂ ಹೌದು. ಅದರಲ್ಲಿ ಕಾಫಿ ಮಾಡಿದರೆ ಎಂಥ ಪುಡಿಯಾದರೂ ಸಪ್ಪೆ. ಸಾಲದ್ದಕ್ಕೆ ಪಾತ್ರೆಯೊಳಗೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ, ವಾಲ್ವಿನ ತೂತಿನಲ್ಲೂ ಕಟ್ಟುತ್ತದೆ. ಅಲ್ಲಿ ಕಟ್ಟಿಕೊಂಡರೆ ಒತ್ತಡ ಹೆಚ್ಚಾದಾಗ ಹಬೆಗೆ ಹೊರದಾರಿ ಇರುವುದಿಲ್ಲ, ಅದು ತಮಾಷೆಯ ಮಾತಲ್ಲ. ಕಾಫಿಗೆ ಕುಡಿಯುವ ಕ್ಯಾನ್ ನೀರನ್ನೇ ಹಾಕು. 2019ರ ಬೇಸಿಗೆಯಲ್ಲಿ ಕೆರೆಗಳೆಲ್ಲ ಬತ್ತಿ ಊರೇ ಬಿಂದಿಗೆ ಹಿಡಿದು ಲಾರಿಯ ಹಿಂದೆ ನಿಂತಿದ್ದಾಗಲೂ ನಮ್ಮ ಬೀದಿಯಲ್ಲಿ ಸ್ನಾನ ತಪ್ಪಿಸಿದವರಿದ್ದರೇ ಹೊರತು ಕಾಫಿ ತಪ್ಪಿಸಿದವರು ಇರಲಿಲ್ಲ.

ಹಾಲು. ಆವಿನ್ ನೀಲಿ ಪ್ಯಾಕೆಟ್ಟಿನಲ್ಲಿ ಜಿಡ್ಡು 3 ಪರ್ಸೆಂಟು, ಕಿತ್ತಳೆ ಬಣ್ಣದ್ದರಲ್ಲಿ 6. ನೀಲಿ ತಂದು ಕಾಫಿ ಗಟ್ಟಿ ಬರಲಿಲ್ಲ ಅಂದರೆ ಪಾತ್ರೆಯನ್ನು ಬೈದು ಫಲವಿಲ್ಲ. ಕಿತ್ತಳೆಯದು ತಾ, ನೀರು ಬೆರೆಸದೆ ಕಾಯಿಸು, ಒಂದು ಉಕ್ಕು ಬಂದ ಕೂಡಲೇ ಇಳಿಸಿ ಆ ಬಿಸಿಯಲ್ಲೇ ಬೆರೆಸು. ಬೆಳಿಗ್ಗೆ ಕಾಯಿಸಿದ ಹಾಲನ್ನು ಮತ್ತೆ ಮತ್ತೆ ಕುದಿಸಿದರೆ ಅದಕ್ಕೊಂದು ಬೆಂದ ವಾಸನೆ ಹತ್ತುತ್ತದೆ. ಇನ್ನೊಂದು ಮಾತು: ಫಿಲ್ಟರ್ ಲೆಕ್ಕದಲ್ಲಿ ಹಾಲು ಹಾಕಬೇಡ. ನಮ್ಮ ಮೊದಲ ಡಿಕಾಕ್ಷನ್ ಒಂದು ಪಾಲಿಗೆ ಹಾಲು ಮೂರು ಪಾಲು ತಡೆಯುತ್ತದೆ. ನಿನ್ನ ಪಾತ್ರೆಯ ಡಿಕಾಕ್ಷನ್ ಅದಕ್ಕಿಂತ ತೆಳು, ಒಂದಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ. ನೀನು ಗಟ್ಟಿ ಇಲ್ಲ ಅಂತ ಗೋಳಾಡುತ್ತಿರುವುದರಲ್ಲಿ ಅರ್ಧ ಇದೇ ಇರಬೇಕು. ಡಿಕಾಕ್ಷನ್ ಆರಿದ್ದರೆ ಅದನ್ನು ಒಲೆಯ ಮೇಲೆ ನೇರವಾಗಿ ಕಾಯಿಸಬೇಡ. ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಳಿಬಿಡು.

ಆಮೇಲೆ ಲೋಟ, ಬಟ್ಟಲು. ನೊರೆಗೆ ಹೇಳಿದ ದಾರಿ ಇದು. ಎರಡು ಸಲ ಎತ್ತಿ ಹೊಯ್ದರೆ ಸಕ್ಕರೆ ಕರಗುತ್ತದೆ, ಸುಡುವ ಬಿಸಿ ಕುಡಿಯುವ ಬಿಸಿಗೆ ಇಳಿಯುತ್ತದೆ, ಮೇಲೆ ನೊರೆ ಏಳುತ್ತದೆ. ಹತ್ತು ಸಲ ಹೊಯ್ದರೆ ತಣ್ಣಗಾಗುತ್ತದೆ, ಅಷ್ಟೇ. ಜಿಎಸ್‌ಟಿ ರೋಡಿನ ಉದ್ದಕ್ಕೂ ಕುಂಭಕೋಣಂ ಡಿಗ್ರಿ ಕಾಫಿ ಅಂತ ಬೋರ್ಡು ಹಾಕಿಕೊಂಡು ಹಿತ್ತಾಳೆ ಲೋಟದಲ್ಲಿ ಕೊಡುತ್ತಾರಲ್ಲ, ಅಲ್ಲಿ ಅರ್ಧ ರುಚಿ ಹಿತ್ತಾಳೆಯ ಹೊಳಪಿಗೆ. ನಿಜವಾದ ಕಾಫಿ ಕುಡಿಯಬೇಕಾದರೆ ಮಾರ್ಗಳಿ ತಿಂಗಳ ಕಛೇರಿ ಸೀಸನ್ನಿನಲ್ಲಿ ನನ್ನ ಜೊತೆ ಸಭಾ ಕ್ಯಾಂಟೀನಿಗೆ ಬಾ. ಮೃದಂಗದ ತನಿ ಆವರ್ತನ ಶುರುವಾದ ಕೂಡಲೇ ಎದ್ದು ಹೋಗುವವರು ಎಲ್ಲಿಗೆ ಹೋಗುತ್ತಾರೆ ಅಂತ ತಿಳಿಯುತ್ತದೆ.

ಇಷ್ಟಕ್ಕೂ ಈ ಊರಿಗೆ ಹೋಟೆಲ್ ಕಾಫಿಯ ರುಚಿ ಹತ್ತಿಸಿದವರಲ್ಲಿ ನಮ್ಮ ಉಡುಪಿಯ ಕಡೆಯವರ ಪಾಲು ದೊಡ್ಡದು. ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕಡಂದಲೆ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೆಸರು ಈಗಲೂ ಎಲ್ಲರ ಬಾಯಲ್ಲಿದೆ. ಕೆಥೀಡ್ರಲ್ ರೋಡಿನ ತೋಟದಲ್ಲಿ 1962ರಲ್ಲಿ ತೆರೆದ ಡ್ರೈವ್-ಇನ್‌ನಲ್ಲಿ ಕಾರಿನಿಂದ ಇಳಿಯದೆಯೇ ಕಾಫಿ ಕುಡಿಯಬಹುದಿತ್ತು. 2008ರಲ್ಲಿ ಅದನ್ನು ಮುಚ್ಚಿದರು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅನ್ನುವ ಉದ್ಯಾನ ಇದೆ. ಹೂವಿನ ಗಿಡಗಳು ಚೆನ್ನಾಗಿವೆ, ನೋಡಿಕೊಂಡು ಬಾ. ಹಿಂದೆ ಇಲ್ಲಿ ಕಾಫಿ ಅನ್ನುವುದನ್ನೇ ಅನುಮಾನದಿಂದ ನೋಡುತ್ತಿದ್ದ ಕಾಲವೂ ಇತ್ತು. ಹಿರಿಯರು ತಂಗಳನ್ನದ ನೀರು ಕುಡಿದು ಗಟ್ಟಿಯಾಗಿದ್ದರು, ಕಾಫಿ ಬಂದು ಎಲ್ಲ ಕೆಟ್ಟಿತು ಅನ್ನುವ ಗೊಣಗಾಟ ಇಪ್ಪತ್ತನೇ ಶತಮಾನದ ಆರಂಭದ ತಮಿಳು ಪತ್ರಿಕೆಗಳಲ್ಲಿ ಬೇಕಾದಷ್ಟಿತ್ತು ಅಂತ ಚರಿತ್ರೆಕಾರ ಎ. ಆರ್. ವೆಂಕಟಾಚಲಪತಿ ಬರೆದಿದ್ದಾರೆ. ಹಾಗಾಗಿ ಇಟಲಿ ಪಾತ್ರೆ ಕಂಡು ಯಾರಾದರೂ ಸಂಪ್ರದಾಯ ಅಂತ ಶುರು ಮಾಡಿದರೆ ತಲೆ ಕೆಡಿಸಿಕೊಳ್ಳಬೇಡ.

ತೊಳೆಯುವುದನ್ನು ಹೇಳದೆ ಮುಗಿಸಲಾರೆ. ಬಿಸಿ ಇರುವಾಗ ಬಿಚ್ಚಬೇಡ. ಆರಿದ ಮೇಲೆ ಚರಟವನ್ನು ತಟ್ಟಿ ತೆಗೆದು ತುಳಸಿ ಗಿಡಕ್ಕೆ ಚೂರು ಹಾಕು, ಉಳಿದದ್ದು ಕಸಕ್ಕೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಕೈಯಿಂದಲೇ ತೊಳೆದು ಮೂರು ಭಾಗವನ್ನೂ ಬೇರೆಬೇರೆ ಒಣಗಿಸು. ಮುಚ್ಚಿಟ್ಟರೆ ಈ ಸೆಖೆಗೆ ಸಂಜೆಯೊಳಗೆ ಮುಗ್ಗಲು ವಾಸನೆ. ಕೆಲಸದಾಕೆಗೆ ಮೊದಲೇ ಹೇಳಿಡು, ಸಬೀನಾ ಪುಡಿ, ಸ್ಟೀಲ್ ನಾರು ಹಾಕಿ ಉಜ್ಜಬಾರದು, ಹಿತ್ತಾಳೆ ಪಾತ್ರೆಗಳ ಜೊತೆಗೆ ಹುಣಸೆಹಣ್ಣಂತೂ ಹಚ್ಚಲೇಬಾರದು. ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಆಕೆ ಥಳಥಳ ಹೊಳೆಸಿಟ್ಟುಹೋದ ಮಾರನೆಯ ದಿನ ಕಾಫಿಯಲ್ಲಿ ಲೋಹದ ರುಚಿ ಬಂದರೆ ಆಕೆಯನ್ನು ಬೈಯುವ ಹಾಗಿಲ್ಲ, ಆಕೆ ಶ್ರದ್ಧೆಯಿಂದಲೇ ಮಾಡಿರುತ್ತಾಳೆ. ಹೊಸ ಪಾತ್ರೆಯಲ್ಲಿ ಮೊದಲ ಎರಡು ಮೂರು ಸಲದ ಡಿಕಾಕ್ಷನ್ ಚೆಲ್ಲಬೇಕು ಅನ್ನುವುದೂ ಅದೇ ಕಾರಣಕ್ಕೆ. ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟ ದಿನ ಬದಲಿಸು. ಕೊಳ್ಳುವಾಗ ಪಾತ್ರೆಯ ಅಳತೆ ಹೇಳಬೇಕು, ಮೂರು ಕಪ್ಪಿನದು ಆರು ಕಪ್ಪಿನದಕ್ಕೆ ಕೂರುವುದಿಲ್ಲ.

ಮತ್ತೆ, ಮುಂದಿನ ತಿಂಗಳು ನಿಮ್ಮಪ್ಪ ಅಮ್ಮ, ಅಜ್ಜಿ ಎಲ್ಲ ಬರುತ್ತಿದ್ದಾರಲ್ಲ, ಆ ದಿನ ಇದನ್ನು ನಂಬಿ ಕೂರಬೇಡ. ಆರು ಜನಕ್ಕೆ ಮೂರು ಸರತಿ ಇಳಿಸುವ ಹೊತ್ತಿಗೆ ಮೊದಲು ಕುಡಿದವರು ಎರಡನೇ ಲೋಟ ಕೇಳುತ್ತಿರುತ್ತಾರೆ. ನನ್ನ ಹತ್ತಿರ ದೊಡ್ಡ ಫಿಲ್ಟರ್ ಒಂದು ಹೆಚ್ಚಿಗೆ ಇದೆ. ಹಿಂದಿನ ಸಂಜೆ ಬಂದು ತೆಗೆದುಕೊಂಡು ಹೋಗು, ಪುಡಿ ನಾನೇ ಅರೆಸಿಡುತ್ತೇನೆ. ಇದಕ್ಕೆ ಚಿಕೋರಿ ಇರುತ್ತದೆ, ನೂರಕ್ಕೆ ಇಪ್ಪತ್ತು. ನಿಮ್ಮಜ್ಜಿಗೆ ಅದಿಲ್ಲದಿದ್ದರೆ ಕಾಫಿಯೇ ಅಲ್ಲ.